ಕಿಟಕಿಗೆ ಹಿಡಿದ ಹಾಳೆಗಳು

ಹುಮನಾಬಾದಿನ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ಇದ್ದವರು ನಾಲ್ಕು ಜನ. ನನ್ನ ಗಂಟಲಲ್ಲಿ ಇದ್ದವರು ನಲವತ್ತು. ನಾನು ಅಣಕಿಸುತ್ತಿದ್ದ ಅಷ್ಟೂ ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದುದು ಕಚೇರಿ ನಡೆಸುವ ನಮ್ಮ ಸರ್ ದನಿ. ರಕ್ತ ತಪಾಸಣೆಯ ಲ್ಯಾಬುಗಳಿಗೆ ರಿಪೋರ್ಟು ಮುದ್ರಿಸಿಕೊಡುವ ನಮ್ಮ ಪ್ಯಾಕೇಜುಗಳನ್ನೆಲ್ಲ ಬರೆದವರು ಅವರೇ. ಅವನ್ನು ಪೈಥಾನ್ ಭಾಷೆಯ ಹಳೆಯ ಆವೃತ್ತಿಯಿಂದ ಹೊಸದಕ್ಕೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ಸರ್ ಅವರದೊಂದು ಪದ್ಧತಿ. ಏನೇ ಬದಲಾದರೂ ಹಳೆಯ ರಿಪೋರ್ಟು, ಹೊಸ ರಿಪೋರ್ಟು ಎರಡನ್ನೂ ಮುದ್ರಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಅಕ್ಷರದ ಮೇಲೆ ಅಕ್ಷರ ಕೂತರೆ ಪಾಸು.

ಸರ್ ಹೊರಗೆ ಹೋಗಿದ್ದಾಗ ನಾನೂ ಹಿಡಿದೆ. ಅವರ ಹಾಗೆಯೇ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಗಂಟಲು ಕೆರೆದು, "ತಡಿ ತಮ್ಮಾ, ಬೆಳಕ ಸುಳ್ಳ ಹೇಳಂಗಿಲ್ಲ" ಎಂದೆ. ಗೆಳೆಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಪ್ಪತ್ತು ಜೋಡಿ ಹಿಡಿದಿರಬೇಕು. ನೋಡಿದ್ದು ಮಾತ್ರ ನಗುವವರ ಮುಖ. "ಎಲ್ಲಾ ಪಾಸ್!" ಎಂದು ಬಸವಕಲ್ಯಾಣದ ಲ್ಯಾಬಿಗೆ ಕಳಿಸಿಬಿಟ್ಟೆ.

ಮೂರನೆಯ ದಿನ ಲ್ಯಾಬಿನಿಂದ ಫೋನು. ಸರ್ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಹಳೆಯ ಆವೃತ್ತಿ ಭಾಗಾಕಾರದಲ್ಲಿ ದಶಾಂಶ ಬಿಟ್ಟುಬಿಡುತ್ತಿತ್ತು, ಹೊಸದು ಇಟ್ಟುಕೊಳ್ಳುತ್ತದೆ. ಹದಿನೆಂಟು ತಿಂಗಳ ಕೂಸಿನ ವಯಸ್ಸು ಮೊದಲು ಒಂದು ವರ್ಷ ಎಂದು ಬರುತ್ತಿದ್ದದ್ದು ಈಗ ಒಂದೂವರೆ. ಪೂರ್ಣ ವರ್ಷಗಳಷ್ಟೇ ಇದ್ದ ಮಕ್ಕಳ ಪಟ್ಟಿಯಲ್ಲಿ ಒಂದೂವರೆ ಸಿಗದೆ, ಪ್ಯಾಕೇಜು ದೊಡ್ಡವರ ಅಳತೆ ಹಚ್ಚಿ, 'ರಕ್ತ ಕಡಿಮೆ' ಎಂದು ಕೆಂಪಕ್ಷರದಲ್ಲಿ ಮುದ್ರಿಸಿತ್ತು.

ಮಂಠಾಳದ ಆ ಕೂಸಿನ ತಾಯಿ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದಳು. "ಕೂಸಿಗಿ ಏನಾಗ್ಯಾದರಿ? ನಿನ್ನಿ ರಾತ್ರಿಂದ ಒಂದ ತುತ್ತ ಇಳಿದಿಲ್ಲ ನನಗ."

ಲ್ಯಾಬಿನವರು ಮಕ್ಕಳ ಅಳತೆ ಹಚ್ಚಿ ನೋಡಿ, ಎಲ್ಲ ಸರಿ ಇದೆ ಎಂದರು. ಸರ್ ಕೈಮುಗಿದರು. "ಕೂಸು ಛಲೋ ಅದ ತಂಗಿ. ತಪ್ಪ ನಂದು."

ನಾನು ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತೆ.

ಮರಳುವ ಬಸ್ಸಿನಲ್ಲಿ ಅವರೇ ನನ್ನ ಭುಜ ತಟ್ಟಿದರು. "ಮನಸಿಗಿ ಹಚ್ಕೋಬ್ಯಾಡ ತಮ್ಮಾ. ಅವತ್ತ ನೀ ಕಿಟಕಿಗಿ ಹಾಳಿ ಹಿಡಕೊಂಡ ನಿಂತಿದ್ದಿ, ಎದುರಿನ ಚಹಾದಂಗಡ್ಯಾಗ ಕುಂತ ನೋಡೇನಿ. ಅಷ್ಟ ಹೊತ್ತ ನಾನೂ ಹಿಡಿಯಂಗಿಲ್ಲ. ನಿನ್ನ ಕಣ್ಣಿಗೇ ಬೀಳಲಿಲ್ಲಂದ್ರ ಯಾರ ಕಣ್ಣಿಗಿ ಬೀಳ್ತದ?"

ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುನ್ನ ಆ ಹಾಳೆಗಳನ್ನು ಕದ್ದು ನೋಡಿದ್ದೆ. ಮೂರನೆಯ ಜೋಡಿಯೇ ಒಂದು ಕೂಸಿನದು. ಹೊಸ ಹಾಳೆಯಲ್ಲಿ ಕೆಂಪಕ್ಷರ. ಅದು ಕಾಣಲು ಕಿಟಕಿಯೂ ಬೇಕಿರಲಿಲ್ಲ.

"ಹೌದ್ರಿ ಸರ್" ಎಂದೆ.

ಇಳಿದ ಮೇಲೆ ಅದೇ ಅಂಗಡಿಯಲ್ಲಿ ನನಗೂ ಒಂದು ಚಹಾ ಹೇಳಿದರು. ಕೂತಲ್ಲಿಂದ ನಮ್ಮ ಕಿಟಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಕುಡಿದೆ. ಸಕ್ಕರೆ ಕಡಿಮೆಯಾಗಿದೆ ಎಂದೂ ಅಂದೆ.