ಇಸೊಗಾಯಿ ಮುಚ್ಚಿಟ್ಟ ಒಂದೂವರೆ ಹೆಜ್ಜೆ

ನನ್ನಂಥ ವಯಸ್ಸಾದವನ ನೆನಪು ಎಡವುತ್ತದೆ ಎಂದು ಪಿಸುಗುಟ್ಟುವವರು ಮೊದಲು ಬಾಯಿ ಮುಚ್ಚಿ ಕೂತುಕೊಳ್ಳಿ. ಈ ಬೇಸಿಗೆಯಲ್ಲಿ ತೊಮೊಶಿಮಾ ಬೇಸ್‌ಬಾಲ್ ತಂಡ ಸತತ ಮೂವತ್ತೊಂದು ಇನ್ನಿಂಗ್ಸ್ ಒಂದೇ ಒಂದು ರನ್ ಗಳಿಸದೆ ಒಣಗಿತ್ತು. ಮೂವತ್ತಲ್ಲ, ಮೂವತ್ತೆರಡಲ್ಲ. ಅನುಮಾನ ಇದ್ದವರು ಲೆಕ್ಕ ಹಾಕಿಕೊಂಡು ಆಮೇಲೆ ಬನ್ನಿ, ಈಗ ಕೇಳಿ.

ಬೆಳಿಗ್ಗೆ ಐದೂಕಾಲು. ಹೊಳೆಯ ದಂಡೆಯಲ್ಲಿರುವ ಎರಡನೇ ತಂಡದ, ಅಂದರೆ ಮೀಸಲು ಆಟಗಾರರ, ಮೈದಾನದಲ್ಲಿ ಹುಲ್ಲು ಇನ್ನೂ ಒದ್ದೆ. ಕಬ್ಬಿಣದ ಚೌಕಟ್ಟಿನ ಬಲೆಯ ಹಿಂದೆ ಐವತ್ತೊಂದು ವರ್ಷದ ಇಸೊಗಾಯಿ ಮೊತೊಹಿರೊ ನಿಂತಿದ್ದಾರೆ. ಎದುರಿಗೆ ಬ್ಯಾಟು ಹಿಡಿದವನು ಇಪ್ಪತ್ನಾಲ್ಕರ ಆಂಜಾಯಿ. ಇವರು ಎಸೆದ ಚೆಂಡು ಹೊರಗೆ, ಮೊಣಕಾಲಿನ ಎತ್ತರಕ್ಕೆ ಹೋಗುತ್ತದೆ. ಆಂಜಾಯಿ ಬೀಸುತ್ತಾನೆ, ಏಟು ಗಾಳಿಗೆ ಬೀಳುತ್ತದೆ. ಇಸೊಗಾಯಿ ತಕ್ಷಣ ಟೋಪಿ ತೆಗೆದು ತಲೆ ಬಾಗಿಸುತ್ತಾರೆ.

"ತಪ್ಪಾಯ್ತು!"

"ಟೋಪಿ ತೆಗೀಬೇಡಿ ಇಸೊ-ಸಾನ್, ಎಷ್ಟು ಸಲ ಹೇಳ್ಬೇಕು! ನಿಮ್ಮ ಬೋಳುತಲೆ ಮಿಂಚಿದ್ರೆ ನಂಗೆ ಚೆಂಡೇ ಕಾಣ್ಸಲ್ಲ."

"ಬೀಸೋದು ಸರಿಯಾಗಿ ಬೀಸು, ಆಮೇಲೆ ನನ್ನ ತಲೆ ನೋಡುವಿಯಂತೆ."

ಹೀಗೆ ನಲವತ್ತು ಚೆಂಡು. ಆಮೇಲೆ ಇಸೊಗಾಯಿ ಬೆಂಚಿನ ಮೇಲೆ ಕೂತು, ಹೆಂಡತಿ ಫುಮಿಯೆ ಕಟ್ಟಿಕೊಟ್ಟ ಅನ್ನದ ಉಂಡೆ ತಿಂದು, ಬಾರ್ಲಿ ಚಹಾ ಕುಡಿದು, ಏಳು ಗಂಟೆಯ ರೈಲು ಹಿಡಿಯುತ್ತಾರೆ. ಮಧ್ಯಾಹ್ನ ಊರಿನ ದೊಡ್ಡ ಸ್ಟೇಡಿಯಂನಲ್ಲಿ ಮೊದಲ ತಂಡಕ್ಕೆ ಇನ್ನೂ ನಲವತ್ತು. ಭುಜದ ಡಾಕ್ಟರು ದಿನಕ್ಕೆ ಎಂಬತ್ತೇ ಎಂದು ಮಿತಿ ಹಾಕಿದ್ದಾರೆ. ಅದರಲ್ಲಿ ಅರ್ಧವನ್ನು ಇವರು ಇಲ್ಲಿಗೆ ತಂದು ಸುರಿಯುತ್ತಾರೆ. ಯಾರೂ ಹೇಳಿದ ಕೆಲಸವಲ್ಲ.

ಹೇಳಿದ ಕೆಲಸ ಬೇರೆ. ಇಸೊಗಾಯಿ ಅಭ್ಯಾಸದ ಎಸೆಗಾರರು. ಪಂದ್ಯದಲ್ಲಿ ಎಸೆಯುವವನು ಬ್ಯಾಟಿಗೆ ಸಿಗದಂತೆ ಎಸೆಯಬೇಕು, ಇವರು ಸಿಗುವಂತೆ ಎಸೆಯಬೇಕು. ಯಾರಿಗೆ ಒಳಗಿನ ಚೆಂಡು ಇಷ್ಟ, ಯಾರಿಗೆ ಸೊಂಟದ ಎತ್ತರ ಹಿತ ಎಂಬುದೆಲ್ಲ ಕಂಠಪಾಠ. ಚೆಂಡು ಸ್ವಲ್ಪ ಅತ್ತಿತ್ತ ಹೋದರೂ ಟೋಪಿ ತೆಗೆದು ಕ್ಷಮೆ ಕೇಳಬೇಕು. ಬ್ಯಾಟುಗಾರರು ತಮಗೆ ಬೇಕಾದ ಎಸೆಗಾರನನ್ನು ತಾವೇ ಹೆಸರು ಹೇಳಿ ಕರೆಯುತ್ತಾರೆ, ಆ ಕರೆಯೇ ಈ ಕಸುಬಿನವರಿಗೆ ಸಿಗುವ ಬಿರುದು. ಯೌವನದಲ್ಲಿ ಇಸೊಗಾಯಿ ಪಂದ್ಯದ ಎಸೆಗಾರರೇ ಆಗಿದ್ದರು. ನಾಲ್ಕು ವರ್ಷದಲ್ಲಿ ಒಂದು ಗೆಲುವು, ಅಷ್ಟೇ. ಆಮೇಲೆ ಇಪ್ಪತ್ಮೂರು ವರ್ಷ, ದಿನಕ್ಕೆ ನೂರೈವತ್ತು ಚೆಂಡು, ಎಲ್ಲವೂ ಹೊಡೆಸಿಕೊಳ್ಳಲೆಂದೇ.

"ಬೇಜಾರಿಲ್ಲ. ಟಣ್ ಅಂತ ಸದ್ದು ಬಂದ್ರೆ ನಂಗೆ ಅದೇ ಊಟ," ಎನ್ನುತ್ತಾರೆ.

ತಂಡದ ದೊಡ್ಡ ಹೊಡೆತಗಾರ ಆಂಜಾಯಿ ಮೂರು ವರ್ಷದಿಂದ ಕರೆಯುತ್ತಿದ್ದದ್ದು ಇವರೊಬ್ಬರನ್ನೇ. ದಿನಕ್ಕೆ ಅರವತ್ತು ಚೆಂಡು ಅವನ ಪಾಲು.

ಏಪ್ರಿಲ್‌ನಲ್ಲಿ ಭುಜ ನೋಯತೊಡಗಿತು. ಹೇಳಬೇಕಿತ್ತು. ಹೇಳಲಿಲ್ಲ. ಈ ವಯಸ್ಸಿಗೆ ನೋವು ಅಂದರೆ ಮನೆಗೆ ಹೋಗು ಅಂತಲೇ ಅರ್ಥ. ಎಸೆಯುವಾಗ ಕಾಲೂರುವ ಮರದ ಹಲಗೆಯನ್ನು ಒಂದು ಬೂಟಿನಷ್ಟು ಮುಂದೆ ತಳ್ಳಿಕೊಂಡರು. ಹತ್ತಿರದಿಂದ ಎಸೆದರೆ ಚೆಂಡು ನಿಧಾನವಾದರೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮೇ ತಿಂಗಳಿಗೆ ಇನ್ನೊಂದು ಬೂಟು. ಜೂನ್ ಹೊತ್ತಿಗೆ ಒಂದೂವರೆ ಹೆಜ್ಜೆ.

ಆದರೆ ನಿಧಾನದ ಚೆಂಡು ಇಳಿಯುತ್ತಾ ಬರುತ್ತದೆ. ದಿನಾ ಅದನ್ನೇ ಹೊಡೆದ ಕೈ ಇಳಿಜಾರನ್ನೇ ಕಲಿಯುತ್ತದೆ. ಪಂದ್ಯದ ವೇಗದ ಚೆಂಡು ಇಳಿಯದೆ ನೇರ ಬರುತ್ತದೆ, ಬ್ಯಾಟು ಅದರ ಅಡಿಗೆ ಹೋಗುತ್ತದೆ, ಹೊಡೆತ ಸುಮ್ಮನೆ ಆಕಾಶಕ್ಕೆ ಏರಿ ಎದುರಾಳಿಯ ಕೈಗೆ ಬೀಳುತ್ತದೆ. ಮಧ್ಯಾಹ್ನದ ಅಭ್ಯಾಸದಲ್ಲಿ ಚೆಂಡುಗಳು ಬೇಲಿ ಹಾರುತ್ತಿದ್ದವು, ಸಂಜೆಯ ಪಂದ್ಯದಲ್ಲಿ ಸೊನ್ನೆ. ಎಲ್ಲರಿಗಿಂತ ಹೆಚ್ಚು ಹಾಳಾದವನು ಆಂಜಾಯಿ. ಬ್ಯಾಟಿಂಗ್ ಕೋಚ್ ತಾಕೆಬೆ ಅವನ ಕಾಲಿಡುವ ರೀತಿ ಬದಲಾಯಿಸಿದರು, ಕೈಹಿಡಿತ ಬದಲಾಯಿಸಿದರು. ಕೊನೆಗೆ ಜುಲೈನಲ್ಲಿ ಎರಡನೇ ತಂಡಕ್ಕೆ ಕಳಿಸಿದರು. ಅವನು ಚೀಲ ಹೊತ್ತು ಹೊರಡುವಾಗ ಬಾಗಿಲಲ್ಲಿದ್ದ ಇಸೊಗಾಯಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.

"ಇಷ್ಟು ದಿನ ಚೆನ್ನಾಗಿ ಎಸೆದ್ರಿ ಇಸೊ-ಸಾನ್. ನನ್ನ ಕೈಲೇ ಆಗ್ಲಿಲ್ಲ," ಅಂದ.

"ಆ ಮಾತಿಗೆ ನೆಲ ಬಾಯಿ ಬಿಟ್ಟಿದ್ರೆ ಇಳಿದುಬಿಡ್ತಿದ್ದೆ," ಎನ್ನುತ್ತಾರೆ ಇಸೊಗಾಯಿ. ಹೇಳುವಾಗ ಮುಖ ಎತ್ತುವುದಿಲ್ಲ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಒಂಬತ್ತು ದಿನ ಅನ್ನ ಸೇರಲಿಲ್ಲ. ಫುಮಿಯೆ ಭುಜಕ್ಕೆ ನೋವಿನ ಪಟ್ಟಿ ಅಂಟಿಸುತ್ತಾ ಕೇಳಿದರಂತೆ: "ಭುಜ ನೋಯ್ತಿದ್ಯೋ, ಇನ್ನೇನೋ?" ಇವರು ಎಲ್ಲವನ್ನೂ ಹೇಳಿದರು. ಆಕೆ ಪಟ್ಟಿಯನ್ನು ರಪ್ಪನೆ ಕಿತ್ತರು. "ನನ್ನ ಮುಂದೆ ಯಾಕ್ರೀ ಅಳ್ತೀರಿ? ಹೇಳ್ಬೇಕಾದವರ ಮುಂದೆ ಹೋಗಿ ಅಳಿ."

ಮರುದಿನ ಇಸೊಗಾಯಿ ಕೋಚ್ ಎದುರು ನಿಂತರು.

"ತಾಕೆಬೆ-ಸಾನ್, ಹಲಗೆ ಮುಂದಿದೆ."

"ಎಷ್ಟು?"

"ಒಂದೂವರೆ ಹೆಜ್ಜೆ. ನಾನೇ ತಳ್ಳಿದ್ದು."

ತಾಕೆಬೆ ಬೈಯಲಿಲ್ಲ. ಟೇಪು ತಂದು ಮಂಡಿಯೂರಿ ಅಳೆದರು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. "ಆ ಹುಡುಗನ ಕಾಲು ನೋಡ್ದೆ, ಕೈ ನೋಡ್ದೆ, ರಾತ್ರಿ ಎಷ್ಟು ಗಂಟೆ ಮಲಗ್ತಾನೆ ಅಂತಾನೂ ಕೇಳ್ದೆ. ಈ ಹಲಗೆ ಕಡೆ ತಿರುಗಿ ನೋಡ್ಲಿಲ್ವಲ್ಲ! ಕೋಚ್ ಅಂತೆ ಕೋಚ್." ಬೈದಿದ್ದರೆ ಹಗುರವಾಗುತ್ತಿತ್ತು, ಇಸೊಗಾಯಿಯ ನಾಚಿಕೆ ಇನ್ನೊಂದು ಮೊಳ ಬೆಳೆಯಿತು.

ಹಲಗೆ ಮೊದಲಿನ ಜಾಗಕ್ಕೆ ಸರಿದು ಅದಕ್ಕೆ ಮೊಳೆ ಬಿತ್ತು. ವೇಗವಾಗಿ ಎಸೆಯುವ ಇಬ್ಬರನ್ನು ತಂದರು. ಈಗ ಪ್ರತಿ ಬ್ಯಾಟುಗಾರನೂ ಮೊದಲ ಹದಿನೈದು ಚೆಂಡನ್ನು ತನಗೆ ಆಗದ ಜಾಗದಲ್ಲೇ ಆಡಬೇಕು. ತಪ್ಪಿದರೆ ಎಸೆದವನು ಕ್ಷಮೆ ಕೇಳುವಂತಿಲ್ಲ ಎಂದು ತಾಕೆಬೆ ಅಪ್ಪಣೆ ಮಾಡಿದರು. ಮಧ್ಯಾಹ್ನದ ಅಭ್ಯಾಸ ನೋಡಲು ಈಗ ಅಂದವಿಲ್ಲ, ಬೈಗುಳವೇ ಜಾಸ್ತಿ. ಆದರೆ ಆಗಸ್ಟ್ ಮೂರನೇ ವಾರದಿಂದ ತಂಡ ಪಂದ್ಯಕ್ಕೆ ನಾಲ್ಕು ರನ್ನಿನಂತೆ ಗಳಿಸುತ್ತಿದೆ.

ಉಳಿದದ್ದು ಆಂಜಾಯಿ. ಕಾಲು, ಕೈ ಎಲ್ಲ ಬದಲಾಯಿಸಿ ಅವನ ಹಳೆಯ ಬೀಸೇ ಕಳೆದುಹೋಗಿದೆ. ಇಸೊಗಾಯಿ ಒಂದು ಬೆಳಿಗ್ಗೆ ಎರಡನೇ ತಂಡದ ವಸತಿಗೆ ಹೋಗಿ, ಬಾಗಿಲಲ್ಲೇ ಮಂಡಿಯೂರಿ ನಡೆದದ್ದನ್ನು ಒಪ್ಪಿಸಿದರು.

"ಗೊತ್ತಿತ್ತು," ಅಂದ ಆಂಜಾಯಿ.

"ಏನು ಗೊತ್ತಿತ್ತು?"

"ನೀವು ಮುಂದೆ ಬರ್ತಿದ್ದದ್ದು. ಮೇ ತಿಂಗಳಲ್ಲೇ ಕಾಣ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ನೀವು ಇಷ್ಟು ಹಿರಿಯರು. ಹಿಂದೆ ಸರೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಭುಜ ನೋಯ್ತಿದ್ಯೇನೋ, ಕೆಲಸ ಹೋಗ್ಬಾರ್ದು ಅನ್ಕೊಂಡೆ."

ತಮ್ಮ ಮರ್ಯಾದೆ ಉಳಿಸಲು ಹುಡುಗನೊಬ್ಬ ತನ್ನ ಹೆಸರನ್ನೇ ಕಳೆದುಕೊಂಡ ಎಂಬುದು ಇಸೊಗಾಯಿಗೆ ತಿಳಿದದ್ದು ಆಗ. ಮರುದಿನದಿಂದಲೇ, ಪೂರ್ತಿ ದೂರದಿಂದ, ಈ ನಲವತ್ತು ಚೆಂಡು ಶುರುವಾಯಿತು, ಮಳೆ ಬಂದ ಎರಡು ದಿನ ಬಿಟ್ಟು. ಇದರಿಂದ ಋಣ ತೀರುತ್ತದೆಯೇ ಎಂದರೆ ತಲೆಯಾಡಿಸುತ್ತಾರೆ. "ತೀರೋದೇನು ಬಂತು? ಅವನ ಇಪ್ಪತ್ನಾಲ್ಕನೇ ವರ್ಷನ ನಾನು ತಿಂದುಹಾಕ್ದೆ. ಅದನ್ನ ಯಾರು ವಾಪಸ್ ಎಸೀತಾರೆ?"

ಕಳೆದ ವಾರದಿಂದ ಆಂಜಾಯಿಯ ಹೊಡೆತಗಳು ಮತ್ತೆ ನೆಲಕ್ಕೆ ಸಮನಾಗಿ ಹೋಗತೊಡಗಿವೆ. ಮೇಲಿನಿಂದ ಕರೆ ಇನ್ನೂ ಬಂದಿಲ್ಲ. ಏನು ಆಸೆ ಎಂದರೆ ಇಸೊಗಾಯಿ ಹೇಳುವುದಿಷ್ಟು: "ಅವನು ಮೇಲಕ್ಕೆ ಹೋಗ್ಬೇಕು. ಹೋದ ದಿನ ಯಾರು ಎಸೀಬೇಕು ಅಂತ ಕೇಳ್ತಾರಲ್ಲ, ಆಗ ಅವನು ನನ್ನ ಹೆಸರು ಹೇಳ್ಬಾರ್ದು. ಒಳ್ಳೆಯವರನ್ನ ಕರೀಲಿ. ನಾನು ಬಲೆ ಹಿಂದೆ ಚೆಂಡು ಆರಿಸ್ತೀನಿ."

ಕೇಳಿದಿರಲ್ಲ, ಇಲ್ಲಿಗೇ ಬಿಡಬೇಡಿ. ಜುಲೈನಲ್ಲಿ ಸ್ಟೇಡಿಯಂನಲ್ಲಿ ಕೂತು ಆಂಜಾಯಿಗೆ "ದಂಡಪಿಂಡ" ಎಂದು ಕೂಗಿದವರು ನಿಮ್ಮ ಬೀದಿಯಲ್ಲೇ ಇದ್ದಾರೆ, ಅವರಿಗೆ ಮುಟ್ಟಿಸಿ. ಹೇಳುವಾಗ ಇಸೊಗಾಯಿಯ ಹೆಸರು ಬಿಡಬೇಡಿ. ಮುಚ್ಚಿ ಹೇಳೋಣವೇ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: "ನನ್ನ ಹೆಸರು ಪೂರ್ತಿ ಹಾಕಿ. ಹುಡುಗನ ಕಳಂಕ ತೊಳ್ದು ಹೋಗ್ಲಿ."