ಪ್ಲಾಟಿನಂ ಬೆರಕಿ

ಆ ಭಾನುವಾರ ಬೆಳಗಿನಿಂದ ಮನೆಗೂ ಅಪ್ಪನ ಅಂಗಡಿಗೂ ಎಷ್ಟು ಸಲ ತಿರುಗಿದೆನೋ. ಕೂತರೆ ಏಳಬೇಕು ಅನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ. “ಕಾಲಿಗೆ ಚಕ್ರ ಕಟ್ಕೊಂಡೀ ಏನ?” ಎಂದು ಅವ್ವ ಬೈದಳು. ಎರಡು ಬಸ್ಸು ಬದಲಿಸಿ, ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತು ನಾನು ಕೊಟ್ಟೂರಿಗೆ ಬಂದದ್ದು ಸುಮ್ಮನೆ ಕೂರುವುದಕ್ಕೇ. ಜೀವ ಮಾತ್ರ ಯೂನಿವರ್ಸಿಟಿಯ ಲ್ಯಾಬಿನಲ್ಲೇ ಉಳಿದಿತ್ತು.

ಅಲ್ಲಿ ನನ್ನ ಪುಡಿ ಪರೀಕ್ಷೆಗೆ ಕೂತಿತ್ತು. ಹೈಡ್ರೋಜನ್ನಿನಿಂದ ಕರೆಂಟು ಮಾಡುವ ಇಂಧನಕೋಶದಲ್ಲಿ ಹೈಡ್ರೋಜನ್ ಚುರುಕು, ಗಾಳಿಯಿಂದ ಬರುವ ಆಮ್ಲಜನಕ ಮಹಾ ಸೋಮಾರಿ. ಅದನ್ನು ಎಬ್ಬಿಸಿ ನೀರಾಗಿಸಲು ಪ್ಲಾಟಿನಂ ಬೇಕು. ಆದರೆ ಬರೀ ಪ್ಲಾಟಿನಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಬೇಗ ಬಿಡುವುದಿಲ್ಲ. ಒಳಗೆ ಒಂದಿಷ್ಟು ಕೋಬಾಲ್ಟ್ ಸೇರಿಸಿದರೆ ಹಿಡಿತ ಸಡಿಲವಾಗುತ್ತದೆ, ಕೆಲಸ ಓಡುತ್ತದೆ. ಹಾಗೆ ಸೇರಿಸಿದ, ಯಾವ ಕಣ್ಣಿಗೂ ಕಾಣದಷ್ಟು ಸಣ್ಣ ಕಣಗಳನ್ನು ಮಾಡುವುದರಲ್ಲೇ ನನ್ನ ನಾಲ್ಕು ವರ್ಷ ಕಳೆದಿತ್ತು.

ಮೊದಲ ವರ್ಷ ಇದನ್ನು ಅಪ್ಪನಿಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು. “ಬಂಗಾರದಂಥಾ ಪ್ಲಾಟಿನಂದಾಗ ಬೆರಕಿ ಮಾಡ್ತೀಯೇನವ್ವಾ?” ಎಂದ. ಅಪ್ಪನದು ಶೇಂಗಾ ವ್ಯಾಪಾರ. ಅವನ ಬಾಯಲ್ಲಿ ಬೆರಕಿ ಅಂದರೆ ಒಳ್ಳೆಯ ಮಾಲಿಗೆ ಹುಳುಕು ಸೇರಿಸುವುದು. ಅದಕ್ಕಿಂತ ದೊಡ್ಡ ಬೈಗುಳ ಅವನ ಹತ್ತಿರ ಇಲ್ಲ. ಅಜ್ಜಿ ಮಾತ್ರ ನಕ್ಕಳು. ನಮ್ಮ ಕಡೆ ಚಾಲಾಕಿ ಮಂದಿಗೂ ಅದೇ ಮಾತು. “ಈಕಿ ಹುಟ್ಟಾ ಬೆರಕಿ ಅದಾಳ, ಈಗ ಸಂಬಳಕ್ಕ ಮಾಡ್ತಾಳ” ಎಂದಳು. ಅಪ್ಪ ನಗಲಿಲ್ಲ. ಯಾರಾದರೂ ಮಗಳ ಓದು ಕೇಳಿದರೆ ಬಹಳ ದಿನ “ಕೆಮಿಸ್ಟ್ರಿ” ಅಂದು ಮಾತು ಮುಗಿಸುತ್ತಿದ್ದ.

ನನ್ನ ಪುಡಿ ಮೊದಲ ದಿನ ಅದ್ಭುತವಾಗಿ ಕೆಲಸ ಮಾಡಿತ್ತು. ಆ ಖುಷಿಯಲ್ಲೇ ಜರ್ನಲ್ಲಿಗೆ ಲೇಖನ ಬರೆದಿಟ್ಟೆ, ‘ಬಹುಕಾಲ ಬಾಳುತ್ತದೆ’ ಎಂಬ ಸಾಲನ್ನೂ ಮುಂಚೆಯೇ ಸೇರಿಸಿಬಿಟ್ಟೆ. ಸಾವಿರಾರು ಸುತ್ತು ದುಡಿಸಿ ನೋಡುವ ಬಾಳಿಕೆಯ ಪರೀಕ್ಷೆ ಮುಗಿಯುವುದು ಆ ಭಾನುವಾರ. ಲೇಖನ ಕಳಿಸಲು ಕೊನೆಯ ದಿನವೂ ಅದೇ. ತಪ್ಪಿದರೆ ನನ್ನ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ. ಗೈಡು ಹಿಂದಿನ ದಿನವೇ ಹೇಳಿದ್ದರು: “ಮೊದಲ ದಿನದ್ದು ಹಾಕಿ ಕಳಿಸಮ್ಮ, ಉಳಿದದ್ದು ಆಮೇಲೆ ನೋಡೋಣ.”

ಮಧ್ಯಾಹ್ನ ಅಂಗಡಿಯಲ್ಲಿದ್ದೆ. ಉಜ್ಜಿನಿ ಕಡೆಯ ರೈತನೊಬ್ಬ ಶೇಂಗಾ ತಂದಿದ್ದ. ಚೀಲದ ಬಾಯಿ ಬಿಚ್ಚಿ ಬೊಗಸೆ ತುಂಬ ತೋರಿಸಿದ. ಕಾಯಿ ದುಂಡಗೆ, ಚೆನ್ನಾಗಿಯೇ ಇತ್ತು. ಅಪ್ಪ ಅತ್ತ ನೋಡಲೂ ಇಲ್ಲ. “ಸುರುವು” ಎಂದ. ರೈತನೂ ಬೇಜಾರು ಮಾಡಿಕೊಳ್ಳದೆ “ಸುರುವಿ ನೋಡ್ರಿ ಸಾವ್ಕಾರ್ರ” ಎಂದು ಚೀಲ ಮಗುಚಿದ. ಅಪ್ಪ ಕುಕ್ಕರಗಾಲಲ್ಲಿ ಕೂತು ತಳದ ಕಾಯಿಗಳನ್ನೇ ಆರಿಸಿ ಒಡೆದು ನೋಡತೊಡಗಿದ. ಚಿಕ್ಕಂದಿನಿಂದ ಕಂಡ ಕೆಲಸವೇ. ಆವತ್ತು ಅದನ್ನು ನೋಡಲಾಗದೆ ಬೀದಿಯ ಕಡೆ ತಿರುಗಿದೆ.

ಅಷ್ಟರಲ್ಲಿ ಲ್ಯಾಬಿನ ಗೆಳತಿ ಗ್ರಾಫ್ ಕಳಿಸಿದಳು. ಗೆರೆ ಸುತ್ತಿನಿಂದ ಸುತ್ತಿಗೆ ಇಳಿಯುತ್ತ ಹೋಗಿತ್ತು. ಕೋಬಾಲ್ಟು ಕೋಶದೊಳಗಿನ ಆಮ್ಲದಲ್ಲಿ ಕರಗಿ ಹೊರಬಂದಿತ್ತು. ಕೊನೆಗೆ ನನ್ನ ಪುಡಿ ಬರೀ ಪ್ಲಾಟಿನಂಗಿಂತ ಏನೂ ಹೆಚ್ಚಾಗಿರಲಿಲ್ಲ. ನನ್ನ ಮೇಲೆ, ಗೈಡಿನ ಮೇಲೆ, ಆ ಹಾಳು ಕೋಬಾಲ್ಟಿನ ಮೇಲೆ ಒಟ್ಟಿಗೇ ಸಿಟ್ಟು ಬಂತು.

ರೈತ ಹೋದ ಮೇಲೆ ಅಪ್ಪ ಕೇಳಿದ. “ಏನಾತವ್ವಾ?”

ಎಲ್ಲ ಹೇಳಿದೆ. ಬಾಳುತ್ತದೆಂದು ಬರೆದದ್ದು ಸುಳ್ಳಾಗಿದೆ, ನಿಜ ಬರೆದರೆ ಈ ಸಲ ಲೇಖನ ತಗೊಳ್ಳುವುದಿಲ್ಲ, ಒಂದು ವರ್ಷ ಹೋಗುತ್ತದೆ, ಗೈಡು ಹೀಗನ್ನುತ್ತಾರೆ. ಅಪ್ಪ ಖಾಲಿ ಚೀಲವೊಂದನ್ನು ಬಹಳ ಹೊತ್ತು ಮಡಚಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ. “ಸರ್ ಹೇಳಿದಂಗ ಮಾಡು. ಮೊದಲ್ನೇ ದಿನದ್ದ ಬರದು ಕಳಸು. ಯಾರ್ ಬಂದು ನೋಡ್ತಾರ?”

ನಾನು ಬೇರೆ ಏನನ್ನೋ ಕೇಳಲು ಕಾದಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಡೀ ಆಯಸ್ಸು ತಳದ ಕಾಯಿ ಒಡೆದು ನೋಡಿದ ಮನುಷ್ಯ ನನಗೋಸ್ಕರ ಆ ಮಾತು ಆಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ಮನೆಗೆ ಬಂದೆ. ಕೋಣೆಯಲ್ಲಿ ಕೂತು ‘ಬಾಳುತ್ತದೆ’ ಎಂಬ ಸಾಲು ತೆಗೆದೆ, ಇಳಿದ ಗೆರೆಯನ್ನು ಹಾಗೇ ಸೇರಿಸಿದೆ, ಗೈಡಿಗೂ ತಿಳಿಸಿ ಕಳಿಸಿಬಿಟ್ಟೆ.

ರಾತ್ರಿ ಅಪ್ಪ ಊಟಕ್ಕೆ ಬಂದ. ಅರ್ಧ ರೊಟ್ಟಿ ಮುರಿದು ಪಲ್ಯದಲ್ಲಿ ಆಡಿಸುತ್ತ ಕೂತ. “ಯಾಕ, ಉಪ್ಪು ಕಮ್ಮಿ ಆಗೈತೇನು?” ಎಂದು ಅವ್ವ ಕೇಳಿದಳು. “ಹಸಿವಿಲ್ಲ” ಎಂದು ಕೈ ತೊಳೆಯಲು ನೀರು ಕೇಳಿದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ತಾನು ಹೇಳಿದಂತೆಯೇ ನಾನು ಮಾಡಿಬಿಟ್ಟೆ ಅಂದುಕೊಂಡಿದ್ದಾನೆ ಎಂದು ನನಗೆ ಆಗ ಹೊಳೆಯಿತು.

“ಅಪ್ಪ, ಕೊನೀ ದಿನದ್ದೂ ಬರದೀನಿ” ಎಂದೆ. “ಬಾಳತೈತಿ ಅನ್ನೋದು ತಗದೀನಿ. ಇನ್ನೊಂದು ವರ್ಷ ಆಗತೈತಿ.”

ಅವನು ತಲೆ ಎತ್ತಲಿಲ್ಲ. ಅವ್ವ ತಂದ ನೀರಿನ ಚೊಂಬನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ.

“ಇನ್ನೊಂದು ರೊಟ್ಟಿ ಹಾಕು” ಎಂದ.