ಗಡಿಗೆಯ ಹಿಂದೆ ಯಾರಿದ್ದಾರೆ

ಮಗಳ ಏರ್‌ಗನ್ನಿಗೆ ಎಣ್ಣೆ ಹಾಕುವಾಗ ಆ ವಾಸನೆಗೆ ಇಂದೂ ಮುಖ ಹೊರಳಿಸಿದೆ. ನಾನು ಸಣ್ಣವಳಿದ್ದಾಗ ಜವಳಗೇರಾದ ಕಾಕಾನ ಕೈಯಲ್ಲೂ ಇದೇ ವಾಸನೆ.

ಗದ್ದೆಯ ಆ ತುದಿಯಲ್ಲಿ ದೃಷ್ಟಿಯಾಗದಿರಲೆಂದು ಕೋಲಿಗೆ ಕಟ್ಟಿದ್ದ ಸುಣ್ಣದ ಬೊಟ್ಟಿನ ಗಡಿಗೆಯೇ ಅವನ ಬಂದೂಕಿನ ಗುರಿ. ಭತ್ತದ ಪೈರು ಬಾಗುವುದನ್ನು ನೋಡಿ ಗಾಳಿ ಅಳೆಯುತ್ತಿದ್ದ. ಗಡಿಗೆಯ ಹಿಂದೆ ನೋಡುವುದು ನನ್ನ ಕೆಲಸ.

“ಅತ್ತಾಗ ಯಾರರ ಅದಾರೇನು ನೋಡಬೇ.”

ಒಂದು ದಿನ ಪೇರಲಹಣ್ಣು ತಿನ್ನುತ್ತ, ತಲೆ ಎತ್ತದೆಯೇ “ಯಾರೂ ಇಲ್ಲ ಕಾಕಾ” ಅಂದೆ.

ಗುಂಡು ಹಾರಿತು. ಗಡಿಗೆ ಒಡೆಯಲಿಲ್ಲ. ಅದರ ಹಿಂದೆ ಕಳೆ ಕೀಳಲು ಬಗ್ಗಿದ್ದ ಅವ್ವ ಕಿವಿ ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕಾಕಾ ಬೈಯಲಿಲ್ಲ. ಮತ್ತೆಂದೂ ನನ್ನನ್ನು ಕೇಳಲಿಲ್ಲ.

ಈಗ ದೂರದ ಗುರಿಹಲಗೆಗೆ ಕಣ್ಣಿಟ್ಟು ಮಗಳು ಕೇಳುತ್ತಿದ್ದಾಳೆ, “ಯವ್ವಾ, ಹಿಂದ ಯಾರೂ ಇಲ್ಲಲ್ಲ? ಹೊಡೀಲೇನು?”

ಹಿಂದೆ ಇರುವುದು ಬರೀ ಮಣ್ಣಿನ ದಿಬ್ಬ. ಮೂರು ಸಲ ನೋಡಿದ್ದೇನೆ. ಆದರೂ “ತಡಿ” ಅಂದು ನಾಲ್ಕನೇ ಸಲ ನೋಡುತ್ತೇನೆ.